ಜ್ವರ ಬಿಟ್ಟ ದಿನ: ಮಂಡ್ಯ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ, ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಮತ್ತು ಬಿಸಿಲು ಮಳೆಯೆನ್ನದೆ ಮನೆಮನೆಗೆ ನಡೆಯುವ ಆಶಾ ಕಾರ್ಯಕರ್ತೆಯರಿಗೆ ನಮಸ್ಕಾರಗಳು.

ನಾನು ಪಾಂಡವಪುರ ತಾಲ್ಲೂಕಿನವಳು. ಮೈಸೂರಿನಲ್ಲಿ ಸರ್ಕಾರಿ ಪ್ರಯೋಗಾಲಯದ ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾಗಿದ್ದೇನೆ. ಸೇವೆಯ ಕೊನೆಯ ವರ್ಷಗಳು ಒಂದೇ ಕೆಲಸದಲ್ಲಿ ಕಳೆದವು. ಎಚ್‌ಐವಿ ಸೋಂಕಿತರ ರಕ್ತದಲ್ಲಿ ಸಿಡಿ4 ಎಂಬ ಗುರುತು ಹೊತ್ತ ಬಿಳಿ ರಕ್ತಕಣಗಳನ್ನು ಎಣಿಸುವುದು ಆ ಕೆಲಸ. ಪುಸ್ತಕದಲ್ಲಿ ಅವುಗಳಿಗೆ ಸಹಾಯಕ ಟಿ ಕೋಶಗಳೆಂದು ಹೆಸರು. ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ನೇರಳೆ ಮುಚ್ಚಳದ ರಕ್ತದ ಕೊಳವೆಗಳು, ಯಂತ್ರದ ಗುಯ್‌ಗುಡುವಿಕೆ, ಹೊರಗೆ ಬೆಂಚಿನ ಮೇಲೆ ಕುಳಿತು ‘ಅಮ್ಮಾ, ಕೌಂಟು ಎಷ್ಟು ಬಂತು?’ ಎಂದು ಕೇಳುವ ಮುಖಗಳು. ಇಷ್ಟೇ ನನ್ನ ಪ್ರಪಂಚವಾಗಿತ್ತು.

ಈ ಪತ್ರ ಡೆಂಗಿ ಜ್ವರದ ಬಗ್ಗೆ. ನನ್ನ ಬೇಡಿಕೆ ಒಂದೇ. ಜ್ವರವೆಂದು ಆರೋಗ್ಯ ಕೇಂದ್ರಕ್ಕೆ ಬಂದವರ ಕೈಗೆ ಮಾತ್ರೆಯ ಜೊತೆಗೆ ಅಂಗೈಯಗಲದ ಒಂದು ಕನ್ನಡ ಚೀಟಿ ಕೊಡಿ. ಜ್ವರ ಶುರುವಾದ ದಿನಾಂಕ ಅದರಲ್ಲಿರಲಿ; ಜ್ವರ ಬಿಟ್ಟ ದಿನ ಏನನ್ನು ಗಮನಿಸಬೇಕು ಎಂಬುದೂ ಇರಲಿ. ಇಷ್ಟು ಸಣ್ಣ ಬೇಡಿಕೆಗೆ ಇಷ್ಟುದ್ದದ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ಏಕೆ ಎಂದು ತಿಳಿಯದ ಸೂಚನೆಯನ್ನು ನಮ್ಮ ಜನ ಪಾಲಿಸುವುದಿಲ್ಲ. ಅದು ಅವರ ತಪ್ಪೆಂದು ನಾನು ಹೇಳಲಾರೆ. ಏಕೆ ಎಂಬುದನ್ನು ಹೇಳುವ ಹೊಣೆ ಬಲ್ಲವರದು.

ಎರಡು ಮಳೆಗಾಲದ ಹಿಂದಿನ ಮಾತು. ದ್ವಿತೀಯ ಪಿಯುಸಿ ಓದುತ್ತಿದ್ದ ನನ್ನ ತಮ್ಮನ ಮಗಳು ಒಂದು ಸೋಮವಾರ ಕಾಲೇಜಿನಿಂದ ಬರುವಾಗಲೇ ಮೈ ಕಾದು ಬಂದಳು. ಕಣ್ಣುಗುಡ್ಡೆಯ ಹಿಂದೆ ನೋವು, ಮೂಳೆ ಮೂಳೆಯೂ ಮುರಿದಂತಹ ನೋವು. ಮಂಗಳವಾರ ಹತ್ತಿರದ ಕ್ಲಿನಿಕ್ಕೊಂದರಲ್ಲಿ ಸೂಜಿ ಚುಚ್ಚಿಸಿದರು. ಸಂಜೆಗೆ ಜ್ವರ ಇಳಿಯಿತು, ಬುಧವಾರ ಮತ್ತೆ ಏರಿತು. ಗುರುವಾರ ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂದು ಬಂತು. ಪ್ಲೇಟ್‌ಲೆಟ್ ಒಂದು ಲಕ್ಷದ ಹತ್ತು ಸಾವಿರ ಇದೆ, ಗಾಬರಿ ಬೇಡ ಎಂದು ಹೇಳಿ ಕಳುಹಿಸಿದರು. ಶನಿವಾರ ಬೆಳಗಿನ ಜಾವ ಬೆವರು ಕಿತ್ತು ಮೈ ತಣ್ಣಗಾಯಿತು. ನಾನು ಆಗ ಹುಣಸೂರಿನಲ್ಲಿ ನನ್ನ ಮಗಳ ಮನೆಯಲ್ಲಿದ್ದೆ. ‘ಅತ್ತೆ, ಜ್ವರ ಬಿಟ್ಟಿತು’ ಎಂದು ಅವಳೇ ಫೋನ್ ಮಾಡಿದಳು. ‘ಒಳ್ಳೆಯದಾಯಿತು ಕಂದ, ಗಂಜಿ ಕುಡಿದು ಮಲಗು’ ಎಂದೆ.

ಆ ರಾತ್ರಿ ಅವಳು ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು. ಬಿಡದೆ ವಾಂತಿ. ಕೈಕಾಲು ಮಡಕೆಯ ನೀರಿನಷ್ಟು ತಣ್ಣಗೆ. ಮಧ್ಯಾಹ್ನದಿಂದ ಮೂತ್ರಕ್ಕೇ ಹೋಗಿಲ್ಲ ಎಂಬುದು ಅವಳ ತಾಯಿಗೆ ನೆನಪಾದದ್ದು ಕಾರಿನಲ್ಲಿ ಮಂಡ್ಯದ ದಾರಿ ಹಿಡಿದ ಮೇಲೆ. ಮೂರು ದಿನ ತೀವ್ರ ನಿಗಾ ಘಟಕದಲ್ಲಿ, ಗಂಟೆಗಂಟೆಗೂ ಡ್ರಿಪ್ಪಿನ ಲೆಕ್ಕ ನೋಡುತ್ತಾ, ವೈದ್ಯರು ಮತ್ತು ದಾದಿಯರು ಅವಳನ್ನು ಉಳಿಸಿಕೊಟ್ಟರು. ಅವರ ಋಣ ನಮ್ಮ ಮನೆಯ ಮೇಲಿದೆ.

ಆದರೆ ನಾನು ಮರೆಯಲಾರದ್ದು ಆ ಫೋನ್ ಕರೆಯನ್ನು. ವರ್ಷಗಟ್ಟಲೆ ಆ ಸಹಾಯಕ ಟಿ ಕೋಶಗಳನ್ನು ಎಣಿಸಿದವಳು ನಾನು. ಜ್ವರ ಶುರುವಾದ ಐದನೆಯ, ಆರನೆಯ ದಿನ ಅವು ದೇಹದಲ್ಲಿ ಏನು ಮಾಡುತ್ತಿರುತ್ತವೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದ ವಿಷಯ ಬೇಕಾದ ಗಳಿಗೆಯಲ್ಲಿ ನಾಲಿಗೆಗೆ ಬರಲಿಲ್ಲ. ನನ್ನ ಗತಿಯೇ ಹೀಗಾದರೆ, ಯಾರೂ ಏನನ್ನೂ ಹೇಳಿರದ ಮನೆಗಳ ಗತಿ ಏನು?

ನನ್ನ ತಂದೆ ವಿಶ್ವೇಶ್ವರಯ್ಯ ನಾಲೆಯ ಉಪನಾಲೆಯೊಂದರಲ್ಲಿ ನೀರುಗಂಟಿಯಾಗಿದ್ದರು. ಹಳಬರ ಬಾಯಲ್ಲಿ ಅದು ಈಗಲೂ ಇರ್ವಿನ್ ನಾಲೆ. ನೀರುಗಂಟಿಯಾದವನು ಉಳುವುದಿಲ್ಲ, ನಾಟಿ ಹಾಕುವುದಿಲ್ಲ, ಕಬ್ಬು ಕಡಿಯುವುದಿಲ್ಲ. ಹೆಗಲ ಮೇಲೊಂದು ಗುದ್ದಲಿ, ರಾತ್ರಿಯಾದರೆ ಕೈಯಲ್ಲೊಂದು ಟಾರ್ಚು. ಯಾವ ತೂಬನ್ನು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿಡಬೇಕು, ಯಾವಾಗ ಮುಚ್ಚಬೇಕು ಎಂಬುದಷ್ಟೇ ಅವನ ಕಸುಬು. ಅವನಿಲ್ಲದ ವರ್ಷ ಕೃಷ್ಣರಾಜಸಾಗರ ತುಂಬಿದ್ದರೂ ಕಡೇ ಭಾಗದ ಗದ್ದೆ ಒಣಗುತ್ತದೆ. ಅವನು ಕಣ್ಣು ಮುಚ್ಚಿದ ರಾತ್ರಿ ಏರಿ ಒಡೆದು ಫಸಲು ಕೊಚ್ಚಿಹೋಗುತ್ತದೆ. ಸಹಾಯಕ ಟಿ ಕೋಶ ಎಂದರೇನು ಎಂದು ನನ್ನನ್ನು ಯಾರಾದರೂ ಕೇಳಿದರೆ ನನ್ನ ಅಪ್ಪನ ಕೆಲಸವನ್ನು ಹೇಳುತ್ತೇನೆ.

‘ಟಿ’ ಎಂಬ ಅಕ್ಷರ ಬಂದದ್ದು ಥೈಮಸ್ ಎಂಬ ಗ್ರಂಥಿಯ ಹೆಸರಿನಿಂದ. ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗಕ್ಕೆ ಅಂಟಿಕೊಂಡಂತಿರುವ ಗ್ರಂಥಿ ಅದು. 1961ರಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿ, ಹುಟ್ಟಿದ ಕೂಡಲೇ ಇಲಿಮರಿಗಳಿಂದ ಅದನ್ನು ತೆಗೆದರೆ ಅವು ಸೋಂಕುಗಳಿಗೆ ಬಲಿಯಾಗುತ್ತವೆ ಎಂದು ತೋರಿಸುವವರೆಗೂ ಅದಕ್ಕೆ ಹೇಳಿಕೊಳ್ಳುವಂತಹ ಕೆಲಸವಿಲ್ಲ ಎಂದೇ ಬಹಳ ಮಂದಿ ತಿಳಿದಿದ್ದರು. 1968ರಲ್ಲಿ ಅದೇ ಮಿಲ್ಲರ್ ಮತ್ತು ಗ್ರಹಾಂ ಮಿಚೆಲ್ ಮೆಲ್ಬರ್ನ್ ನಗರದಲ್ಲಿ ಇನ್ನೊಂದು ಸಂಗತಿಯನ್ನು ಸಾಬೀತುಪಡಿಸಿದರು. ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ತಯಾರಿಸುವುದು ಅಸ್ಥಿಮಜ್ಜೆಯಿಂದ ಬಂದ ಬಿ ಕೋಶಗಳು. ಆದರೆ ಥೈಮಸ್‌ನಿಂದ ಬಂದ ಕೋಶಗಳ ನೆರವಿಲ್ಲದೆ ಅವು ಆ ಕೆಲಸವನ್ನು ಸರಿಯಾಗಿ ಮಾಡಲಾರವು. ‘ಸಹಾಯಕ’ ಎಂಬ ಹೆಸರಿನ ಹಿಂದೆ ಇರುವುದು ಈ ತಿಳಿವಳಿಕೆ. ನನಗೆ ಆ ಹೆಸರು ಸ್ವಲ್ಪ ಸಣ್ಣದೆನಿಸುತ್ತದೆ. ಇಡೀ ನಾಲೆಯನ್ನು ನಡೆಸುವವನನ್ನು ಸಹಾಯಕ ಎಂದರೆ ಹೇಗೆ?

ಒಂದು ಡೆಂಗಿ ಸೋಂಕನ್ನೇ ತೆಗೆದುಕೊಳ್ಳೋಣ. ಸೊಳ್ಳೆ ಕಚ್ಚಿದ ಜಾಗದಲ್ಲಿ ವೈರಸ್ ಚರ್ಮದೊಳಗೆ ಇಳಿಯುತ್ತದೆ. ಚರ್ಮದಲ್ಲಿ ಗಿಡದ ಕೊಂಬೆಗಳಂತೆ ಚಾಚುಗಳಿರುವ ಡೆಂಡ್ರೈಟಿಕ್ ಕೋಶಗಳೆಂಬ ಕಾವಲಿನವು ಇರುತ್ತವೆ. ಅವು ವೈರಸ್ಸನ್ನು ನುಂಗಿ, ಅದರ ಪ್ರೋಟೀನನ್ನು ಚೂರು ಮಾಡಿ, ಒಂದೊಂದು ಚೂರನ್ನೂ ತಮ್ಮ ಮೈಮೇಲೆ ಎತ್ತಿ ಹಿಡಿದು, ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತವೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿನಲ್ಲಿ ಗಂಟು ಏಳುತ್ತದಲ್ಲ, ಅದೇ ದುಗ್ಧಗ್ರಂಥಿ. ಡೆಂಗಿ ವೈರಸ್ಸಿನ ವಿಷಯದಲ್ಲಿ ಒಂದು ಕೇಡೆಂದರೆ, ಅದು ಈ ಕಾವಲಿನ ಕೋಶಗಳಲ್ಲೇ ಮನೆ ಮಾಡಿಕೊಂಡು ಬೆಳೆಯಬಲ್ಲದು.

ದುಗ್ಧಗ್ರಂಥಿಯಲ್ಲಿ ಟಿ ಕೋಶಗಳು ಒಂದರ ಹಿಂದೆ ಒಂದು ಬಂದು ಆ ಚೂರನ್ನು ಮುಟ್ಟಿ ನೋಡಿ ಹೋಗುತ್ತಿರುತ್ತವೆ. ಪ್ರತಿಯೊಂದು ಟಿ ಕೋಶದ ಮೈಮೇಲೂ ಬೇರೆ ಬೇರೆ ಅಚ್ಚಿನ ಗ್ರಾಹಕವಿದೆ. ಈ ನಿರ್ದಿಷ್ಟ ಚೂರಿಗೆ ಹೊಂದುವ ಅಚ್ಚಿನದು ಲಕ್ಷದಲ್ಲೋ ಹತ್ತು ಲಕ್ಷದಲ್ಲೋ ಒಂದು. ಅದು ಸಿಗುವವರೆಗೆ ಹುಡುಕಾಟ ನಡೆಯಲೇಬೇಕು. ಸಿಕ್ಕ ಮೇಲೂ ಅಚ್ಚು ಹೊಂದಿದರಷ್ಟೇ ಸಾಲದು. ಚೂರನ್ನು ತೋರಿಸುತ್ತಿರುವ ಕೋಶ ‘ಇಲ್ಲಿ ನಿಜವಾಗಿಯೂ ಅಪಾಯವಿದೆ’ ಎಂಬ ಎರಡನೆಯ ಸಂಕೇತವನ್ನೂ ಕೊಡಬೇಕು. ಅದು ಬಾರದಿದ್ದರೆ ಟಿ ಕೋಶ ಏಳುವುದಿಲ್ಲ, ಸುಮ್ಮನಾಗಿಬಿಡುತ್ತದೆ. ನಮ್ಮ ದೇಹದ್ದೇ ಪ್ರೋಟೀನಿನ ಮೇಲೆ ಅದು ಹರಿಹಾಯದಂತೆ ಇರುವ ಎಚ್ಚರಿಕೆ ಇದು. ನನ್ನ ತಂದೆಯೂ ಯಾರೋ ಏರಿಯ ಮೇಲೆ ನಿಂತು ಕೂಗಿದ ಮಾತಿಗೆ ತೂಬು ಎತ್ತಿದವರಲ್ಲ.

ಎರಡೂ ಸಂಕೇತ ಸಿಕ್ಕಿದ ಮೇಲೆ ಆ ಒಂದು ಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ದಿನಕ್ಕೆ ಎರಡು ಮೂರು ಸಲ ಹೀಗೆ ಒಡೆಯುತ್ತಾ ಸಾವಿರಗಟ್ಟಲೆ ಆಗಲು ಹಲವು ದಿನ ಬೇಕು. ಈ ಅವಧಿಯನ್ನು ಯಾವ ಮಾತ್ರೆಯಿಂದಲೂ, ಯಾವ ಕಷಾಯದಿಂದಲೂ ಕಡಿಮೆ ಮಾಡಲಾಗದು. ‘ಮೂರು ದಿನವಾಯಿತು, ಇನ್ನೂ ಜ್ವರ ಬಿಟ್ಟಿಲ್ಲ’ ಎಂದು ಒಂದು ಕ್ಲಿನಿಕ್ಕಿನಿಂದ ಇನ್ನೊಂದಕ್ಕೆ ಅಲೆಯುವ ತಾಯಂದಿರಿಗೆ ಇದನ್ನು ಯಾರಾದರೂ ಹೇಳಿದ್ದಾರೆಯೇ? ಮೊದಲ ದಿನಗಳ ಮೈಬಿಸಿ, ಮೈಕೈ ನೋವು ಇವೆಲ್ಲ ದೇಹದ ಮೊದಲ ಕಾವಲು ಪಡೆಯಿಂದ, ಇಂಟರ್‌ಫೆರಾನ್ ಮೊದಲಾದ ರಾಸಾಯನಿಕಗಳಿಂದ ಆದವು. ನೀರುಗಂಟಿ ಆಗಿನ್ನೂ ಮನೆಯಿಂದ ಹೊರಟಿರುತ್ತಾನೆ, ಅಷ್ಟೇ.

ಸಂಖ್ಯೆ ಬೆಳೆದ ಮೇಲೆ ಈ ಕೋಶಗಳು ಬೇರೆ ಬೇರೆ ಕೆಲಸಕ್ಕೆ ಚದುರುತ್ತವೆ. ಒಂದು ಗುಂಪು ರಕ್ತದಲ್ಲಿ ಹೊರಟು ಸೋಂಕಿರುವ ಜಾಗಗಳಿಗೆ ಹೋಗಿ ಗಾಮಾ ಇಂಟರ್‌ಫೆರಾನ್ ಎಂಬ ರಾಸಾಯನಿಕವನ್ನು ಸುರಿಸುತ್ತದೆ. ಅದು ನುಂಗುಕೋಶಗಳನ್ನು ಚುರುಕುಗೊಳಿಸುತ್ತದೆ. ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ ಸಿಡಿ8 ಕೋಶಗಳಿಗೂ ಸಹಾಯಕ ಕೋಶಗಳ ನೆರವು ಬೇಕು. ಆ ನೆರವಿಲ್ಲದೆ ಬೆಳೆದ ಸಿಡಿ8 ಕೋಶಗಳಿಗೆ ಮುಂದೆ ನೆನಪು ಗಟ್ಟಿಯಾಗಿ ನಿಲ್ಲುವುದಿಲ್ಲ. ಇನ್ನೊಂದು ಗುಂಪು ದುಗ್ಧಗ್ರಂಥಿಯಲ್ಲೇ ಉಳಿದು ಬಿ ಕೋಶಗಳ ಪಕ್ಕಕ್ಕೆ ಸರಿದು ಅವುಗಳಿಗೆ ಒಪ್ಪಿಗೆಯ ಸಂಕೇತ ಕೊಡುತ್ತದೆ. ಆ ಒಪ್ಪಿಗೆ ಬಂದ ಮೇಲೆಯೇ ಬಿ ಕೋಶಗಳು ತಮ್ಮ ಪ್ರತಿಕಾಯವನ್ನು ತಿದ್ದಿ ತಿದ್ದಿ ಹರಿತಗೊಳಿಸುವ ಕೆಲಸ ಜೋರಾಗಿ ನಡೆಯುತ್ತದೆ. ಡೆಂಗಿಯಲ್ಲಿ ಇನ್ನೂ ಒಂದು ವಿಶೇಷ ಕಂಡುಬಂದಿದೆ. ಶ್ರೀಲಂಕಾದ ರಕ್ತದಾನಿಗಳ ರಕ್ತವನ್ನು ಪರೀಕ್ಷಿಸಿದ ಸಂಶೋಧಕರು, ಸೋಂಕಿತ ಕೋಶಗಳನ್ನು ತಾವೇ ನೇರವಾಗಿ ಕೊಲ್ಲಬಲ್ಲ ಸಿಡಿ4 ಕೋಶಗಳನ್ನು ಗುರುತಿಸಿ 2015ರಲ್ಲಿ ಪ್ರಕಟಿಸಿದರು. ಅಂದರೆ ಅಗತ್ಯ ಬಿದ್ದಾಗ ನೀರುಗಂಟಿಯೂ ಗುದ್ದಲಿ ಹಿಡಿದು ಗದ್ದೆಗೆ ಇಳಿಯುತ್ತಾನೆ.

ಪ್ರಯೋಗಾಲಯದ ವರದಿಯಲ್ಲಿ ನೀವು ನೋಡುವ ಸಾಲುಗಳ ಅರ್ಥವೂ ಇಲ್ಲಿಯೇ ಇದೆ. ಎನ್‌ಎಸ್‌1 ಎಂಬುದು ವೈರಸ್ಸಿನದೇ ಪ್ರೋಟೀನು, ಅದು ಮೊದಲ ದಿನಗಳಲ್ಲೇ ಸಿಗುತ್ತದೆ. ಐಜಿಎಂ ಎಂಬುದು ದೇಹದ ಪ್ರತಿಕಾಯ, ಅದು ಸಾಮಾನ್ಯವಾಗಿ ಐದನೆಯ ದಿನದ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಎರಡನೆಯ ದಿನವೇ ಐಜಿಎಂ ಪರೀಕ್ಷೆ ಮಾಡಿಸಿ, ‘ಡೆಂಗಿ ಇಲ್ಲ’ ಎಂದು ನಿಶ್ಚಿಂತರಾಗಿ ಮನೆಗೆ ಹೋದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪರೀಕ್ಷೆ ಸುಳ್ಳು ಹೇಳಿರಲಿಲ್ಲ, ಕೇಳಿದ ದಿನ ತಪ್ಪಾಗಿತ್ತು. ಜ್ವರ ಶುರುವಾದ ದಿನಾಂಕವನ್ನು ಚೀಟಿಯ ಮೇಲೆ ಬರೆಯಿರಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಈ ನೀರುಗಂಟಿ ಇಲ್ಲದೇ ಹೋದರೆ ಏನಾಗುತ್ತದೆ ಎಂಬುದನ್ನು ನಾನು ಓದಿ ತಿಳಿದವಳಲ್ಲ, ಕಣ್ಣಾರೆ ಕಂಡವಳು. 1981ರಲ್ಲಿ ಅಮೆರಿಕದಲ್ಲಿ ಮೊದಲು ವರದಿಯಾದ ಏಡ್ಸ್, 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡದಿಂದ ನಮ್ಮ ದೇಶದಲ್ಲಿಯೂ ಪತ್ತೆಯಾಯಿತು. ಎಚ್‌ಐವಿ ವೈರಸ್ ಒಳಹೊಗಲು ಹಿಡಿಯುವ ಬಾಗಿಲು ಸಿಡಿ4 ಎಂಬ ಆ ಗುರುತೇ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಈ ಕೋಶಗಳು ಸುಮಾರು 500ರಿಂದ 1,500 ಇರುತ್ತವೆ. 200ಕ್ಕಿಂತ ಕೆಳಗೆ ಬಂದರೆ ಏಡ್ಸ್ ಹಂತ. ನನ್ನ ಮುಂದೆ 38 ಎಂದು ಬಂದ ವರದಿಯೊಂದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಲಾರಿ ಓಡಿಸುತ್ತಿದ್ದ ಯುವಕ. ಬಾಯಿಯ ತುಂಬ ಬಿಳಿ ಶಿಲೀಂಧ್ರ, ಉಗುಳು ನುಂಗಲೂ ಆಗದು. ಜೊತೆಗೆ ಕ್ಷಯ. ಅವನ ದೇಹದಲ್ಲಿ ಬಿ ಕೋಶಗಳಿದ್ದವು, ನುಂಗುಕೋಶಗಳಿದ್ದವು, ಕೊಲ್ಲುವ ಕೋಶಗಳೂ ಇದ್ದವು. ಹೇಳಿ ಕೆಲಸ ಮಾಡಿಸುವವರು ಇರಲಿಲ್ಲ. ನಮ್ಮ ನಿಮ್ಮ ಬಾಯಲ್ಲಿ ಸದ್ದಿಲ್ಲದೆ ಬದುಕಿಕೊಂಡಿರುವ ಶಿಲೀಂಧ್ರವೇ ಅವನ ಪ್ರಾಣಕ್ಕೆ ಎರವಾಗಿತ್ತು. 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತವಾಗಿ ಕೊಡಲು ಶುರುಮಾಡಿದ ಮಾತ್ರೆಗಳು ಅಂಥವರ ಪಾಲಿಗೆ ಮರುಹುಟ್ಟು. ಎರಡು ವರ್ಷದ ನಂತರ ಅದೇ ಯುವಕನ ಕೌಂಟು 400 ದಾಟಿದಾಗ ನಾನು ಯಂತ್ರವನ್ನು ನಂಬದೆ ಮತ್ತೊಮ್ಮೆ ಎಣಿಸಿದೆ. ಅವನು ಮದುವೆಯ ಸಿಹಿ ತಂದುಕೊಟ್ಟ ದಿನ ನಾನು ಊಟದ ಡಬ್ಬಿಯನ್ನೇ ತೆರೆಯಲಿಲ್ಲ, ಹೊಟ್ಟೆ ತುಂಬಿತ್ತು.

ಆದ್ದರಿಂದ ‘ಕೌಂಟು ಜಾಸ್ತಿಯಾದಷ್ಟೂ ಒಳ್ಳೆಯದು’ ಎಂಬ ಮಾತು ನನ್ನ ಮನಸ್ಸಿನಲ್ಲಿ ಬೇರೂರಿಬಿಟ್ಟಿತ್ತು. ಡೆಂಗಿ ಕಲಿಸಿದ ಪಾಠ ಬೇರೆ.

ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತಿಗೆ ರಕ್ತದಲ್ಲಿ ವೈರಸ್ ಕರಗುತ್ತಾ ಬಂದಿರುತ್ತದೆ. ಅದೇ ಹೊತ್ತಿಗೆ ಟಿ ಕೋಶಗಳ ಪ್ರತಿಕ್ರಿಯೆ ಏರುಮುಖದಲ್ಲಿರುತ್ತದೆ, ತೂಬುಗಳೆಲ್ಲ ತೆರೆದಿರುತ್ತವೆ. ಅವು ಸುರಿಸುವ ಸೈಟೊಕೈನ್ ಎಂಬ ರಾಸಾಯನಿಕಗಳು, ವೈರಸ್ಸಿನ ಎನ್‌ಎಸ್‌1 ಪ್ರೋಟೀನು, ಪ್ರತಿಕಾಯಗಳು ಇವೆಲ್ಲ ಸೇರಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೋಡೆಯನ್ನು ಸಡಿಲಗೊಳಿಸುತ್ತವೆ. ರಕ್ತದ ನೀರಿನಂಶ ನಾಳದಿಂದ ಸೋರಿ ಹೊಟ್ಟೆಗೆ, ಎದೆಗೂಡಿಗೆ ಇಳಿಯುತ್ತದೆ. ನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಒತ್ತಡ ಕುಸಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ. ಸೋರಿಕೆ ನಡೆಯುವುದು ಸಾಮಾನ್ಯವಾಗಿ 24ರಿಂದ 48 ಗಂಟೆ. ಆ ಹೊತ್ತಿನಲ್ಲಿ ತಕ್ಕ ಪ್ರಮಾಣದ ದ್ರವ ಸಿಕ್ಕರೆ ಮಗು ಎದ್ದು ಕುಳಿತುಕೊಳ್ಳುತ್ತದೆ. ಸಿಗದಿದ್ದರೆ ಬೆಳಗಾಗುವುದರೊಳಗೆ ಎಲ್ಲ ಮುಗಿದಿರುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಬಹುಪಾಲು ಜನ ಸುಮ್ಮನೆ ಗುಣವಾಗುತ್ತಾರೆ. ಆದರೆ ಯಾರಿಗೆ ಆಗುತ್ತದೋ ಅವರಿಗೆ ಆಗುವುದು ಮೈ ತಣ್ಣಗಾದ ಆ ಒಂದೆರಡು ದಿನಗಳಲ್ಲಿ, ಮನೆಯವರು ನೆಮ್ಮದಿಯಿಂದ ನಿದ್ದೆ ಹೋದ ರಾತ್ರಿಯಲ್ಲಿ.

ಎರಡನೆಯ ಸಲ ಡೆಂಗಿ ಬಂದವರಲ್ಲಿ ಅಪಾಯ ಹೆಚ್ಚು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದುಹೋದ ಮೇಲೆ ಅದರ ನೆನಪು ಹೊತ್ತ ಟಿ ಕೋಶಗಳು, ಬಿ ಕೋಶಗಳು ಉಳಿದಿರುತ್ತವೆ. ಬೇರೆ ಬಗೆ ಬಂದಾಗ ಈ ಹಳೆಯ ನೆನಪೇ ಮೊದಲು ಎದ್ದು ನಿಲ್ಲುತ್ತದೆ, ಆದರೆ ಅಚ್ಚು ಪೂರ್ತಿ ಹೊಂದುವುದಿಲ್ಲ. ಅರೆಬರೆ ಹೊಂದುವ ಹಳೆಯ ಪ್ರತಿಕಾಯ ವೈರಸ್ಸನ್ನು ಕೊಲ್ಲುವ ಬದಲು ನುಂಗುಕೋಶದೊಳಕ್ಕೆ ಕೈಹಿಡಿದು ಕರೆದೊಯ್ಯುವುದೂ ಉಂಟು. ‘ನಮ್ಮ ಹುಡುಗನಿಗೆ ಹೋದ ವರ್ಷವೇ ಬಂದುಹೋಯಿತು, ಇನ್ನು ಭಯವಿಲ್ಲ’ ಎಂಬ ಮಾತನ್ನು ನಮ್ಮ ಬೀದಿಗಳಲ್ಲಿ ಕೇಳಿದಾಗಲೆಲ್ಲ ನನ್ನ ಎದೆ ಹಾರುತ್ತದೆ. ಅಂತಹ ಮನೆಗಳನ್ನೇ ಆಶಾ ಕಾರ್ಯಕರ್ತೆಯರು ಮೊದಲು ಗುರುತು ಮಾಡಿಕೊಳ್ಳಬೇಕು.

ಇನ್ನು ಪ್ಲೇಟ್‌ಲೆಟ್. ಮಳೆಗಾಲ ಬಂತೆಂದರೆ ಜಿಲ್ಲೆಯ ಬಾಯಲ್ಲೆಲ್ಲ ಆ ಒಂದೇ ಸಂಖ್ಯೆ. ಪಪ್ಪಾಯಿ ಎಲೆಯ ರಸ, ದುಬಾರಿ ಕಿವಿ ಹಣ್ಣು, ಬೆಂಗಳೂರಿಗೆ ಓಡಿಹೋಗುವ ಕಾರುಗಳು. ಜನರನ್ನು ನಾನು ದೂರುವುದಿಲ್ಲ, ಅವರ ಕೈಗೆ ನಾವು ಕೊಟ್ಟ ಸಂಖ್ಯೆ ಅದೊಂದೇ. ಅದೇ ವರದಿಯಲ್ಲಿ ಕೆಲವು ಸಾಲುಗಳ ಅಂತರದಲ್ಲಿ ಪಿಸಿವಿ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟು ಎಂದು ಅದು ಹೇಳುತ್ತದೆ. ನೀರಿನಂಶ ಸೋರಿಹೋದಾಗ ಆ ಪಾಲು ಏರುತ್ತದೆ. ಮೊದಲ ದಿನಕ್ಕಿಂತ ಅದು ಶೇಕಡ 20ರಷ್ಟು ಏರಿದರೆ ನಾಳ ಸೋರುತ್ತಿದೆ ಎಂದೇ ಅರ್ಥ. ನನ್ನ ತಮ್ಮನ ಮಗಳ ಗುರುವಾರದ ವರದಿಯಲ್ಲಿ ಅದೂ ಅಚ್ಚಾಗಿತ್ತು. ಅದರ ಕಡೆಗೆ ಯಾರೂ ಬೆರಳು ಮಾಡಿ ತೋರಿಸಲಿಲ್ಲ, ಶನಿವಾರ ಮತ್ತೊಮ್ಮೆ ಪರೀಕ್ಷೆಗೆ ಬನ್ನಿ ಎಂದೂ ಹೇಳಲಿಲ್ಲ. ರಕ್ತಸ್ರಾವವಿಲ್ಲದ ರೋಗಿಗೆ ಪ್ಲೇಟ್‌ಲೆಟ್ 10,000ಕ್ಕಿಂತ ಕೆಳಗಿಳಿಯದ ಹೊರತು ಅದನ್ನು ಹೊರಗಿನಿಂದ ಹಾಕುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಪಿಸಿವಿ ಏರಿದ ರೋಗಿಗೆ ದ್ರವದ ಅಗತ್ಯವಂತೂ ಆ ಗಳಿಗೆಯದೇ.

ಮಂಗಳವಾರದ ಆ ಸೂಜಿಯ ಬಗ್ಗೆಯೂ ಹೇಳಬೇಕು. ಅದರಲ್ಲಿ ಏನಿತ್ತು ಎಂದು ಕ್ಲಿನಿಕ್ಕಿನ ಚೀಟಿಯಲ್ಲಿ ಬರೆದಿರಲಿಲ್ಲ. ಹಳ್ಳಿಗಳಲ್ಲಿ ಜ್ವರಕ್ಕೆ ಡೆಕ್ಸಾಮೆಥಾಸೋನ್‌ನಂತಹ ಸ್ಟೆರಾಯ್ಡ್ ಚುಚ್ಚುವ ರೂಢಿ ಇರುವುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಚುಚ್ಚಿದ ಕೆಲವೇ ಗಂಟೆಗಳಲ್ಲಿ ಜ್ವರ ಇಳಿಯುತ್ತದೆ, ‘ಆ ಡಾಕ್ಟರ ಕೈಗುಣ ಒಳ್ಳೆಯದು’ ಎಂಬ ಹೆಸರೂ ಬರುತ್ತದೆ. ಆದರೆ ಸ್ಟೆರಾಯ್ಡ್ ಮಾಡುವುದು ಟಿ ಕೋಶಗಳ ಕೈ ಕಟ್ಟುವ ಕೆಲಸ. ವೈರಸ್ ಇನ್ನೂ ಬೆಳೆಯುತ್ತಿರುವಾಗ, ನೀರುಗಂಟಿ ಮನೆಯಿಂದ ಹೊರಟಿರುವಾಗಲೇ ಅವನನ್ನು ತಡೆದು ನಿಲ್ಲಿಸಿದಂತೆ. ಅದೇ ಔಷಧ ಬೇರೆ ಸಮಯದಲ್ಲಿ ಪ್ರಾಣ ಉಳಿಸಿದೆ ಎಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ, ಆಮ್ಲಜನಕ ಬೇಕಾಗುವಷ್ಟು ಉಲ್ಬಣಿಸಿದ ಕೋವಿಡ್ ರೋಗಿಗಳ ಸಾವು ಡೆಕ್ಸಾಮೆಥಾಸೋನ್‌ನಿಂದ ಕಡಿಮೆಯಾಯಿತು. ಆಮ್ಲಜನಕ ಬೇಡದ ರೋಗಿಗಳಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಔಷಧ ಅದೇ, ದಿನ ಬೇರೆ. ಡೆಂಗಿಗೆ ಸ್ಟೆರಾಯ್ಡ್ ಚಿಕಿತ್ಸೆಯಲ್ಲ. ಆ್ಯಂಟಿಬಯೊಟಿಕ್ ವೈರಸ್ಸನ್ನು ಮುಟ್ಟುವುದೂ ಇಲ್ಲ. ಐಬುಪ್ರೊಫೇನ್, ಆಸ್ಪಿರಿನ್, ಡೈಕ್ಲೊಫೆನಾಕ್‌ನಂತಹ ನೋವಿನ ಔಷಧಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್, ದ್ರವ, ವಿಶ್ರಾಂತಿ, ಮತ್ತು ದಿನಗಳ ಲೆಕ್ಕ. ಬಹುಪಾಲು ಮನೆಗಳಿಗೆ ಬೇಕಾದದ್ದು ಇಷ್ಟು.

ತೆರೆದ ತೂಬನ್ನು ಮುಚ್ಚುವ ವ್ಯವಸ್ಥೆಯೂ ದೇಹದಲ್ಲಿದೆ. ನಿಯಂತ್ರಕ ಟಿ ಕೋಶಗಳೆಂಬ ಇನ್ನೊಂದು ಪಂಗಡ ಉಳಿದವುಗಳನ್ನು ಹದ್ದಿನಲ್ಲಿಡುತ್ತದೆ. ಈ ಹತೋಟಿಯ ಶೋಧಕ್ಕಾಗಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಅವರಿಗೆ 2025ರ ವೈದ್ಯಕೀಯ ನೊಬೆಲ್ ಸಂದಿತು. ಸೋಂಕು ಮುಗಿದ ಮೇಲೆ ಬೆಳೆದು ನಿಂತಿದ್ದ ಟಿ ಕೋಶಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಾಯುತ್ತವೆ. ಉಳಿಯುವ ಕೆಲವು ಆ ವೈರಸ್ಸಿನ ನೆನಪನ್ನು ಹೊತ್ತು ವರ್ಷಗಟ್ಟಲೆ ಬದುಕುತ್ತವೆ. ಸಿಡುಬಿನ ಲಸಿಕೆ ಹಾಕಿಸಿಕೊಂಡವರಲ್ಲಿ 75 ವರ್ಷಗಳಾದ ಮೇಲೂ ಟಿ ಕೋಶದ ನೆನಪು ಉಳಿದಿರುವುದನ್ನು 2003ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. 2003ರ ಸಾರ್ಸ್‌ನಿಂದ ಬದುಕುಳಿದವರಲ್ಲಿ 17 ವರ್ಷಗಳ ನಂತರವೂ ಅಂತಹ ಕೋಶಗಳು ಸಿಕ್ಕಿವೆ.

ಸಿಡುಬಿನ ಮಾತು ಬಂದಾಗ ಮೈಸೂರು ರಾಜಮನೆತನದ ಒಂದು ಚಿತ್ರ ನೆನಪಾಗುತ್ತದೆ. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಕಲಾವಿದ ಬಿಡಿಸಿದ ಮೂವರು ಹೆಂಗಸರ ಚಿತ್ರ ಅದು. ಅದರಲ್ಲಿರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ಇಬ್ಬರು ರಾಣಿಯರು ಮತ್ತು ಅವರ ಅಜ್ಜಿ ಲಕ್ಷ್ಮಮ್ಮಣ್ಣಿಯವರು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಕಿರಿಯ ರಾಣಿ ದೇವಾಜಮ್ಮಣ್ಣಿ ಸೆರಗು ಸರಿಸಿ ತೋಳನ್ನು ತೋರಿಸುತ್ತಿರುವುದು ಆಗಷ್ಟೇ ಬಂದಿದ್ದ ಲಸಿಕೆಯನ್ನು ಹಾಕಿಸಿಕೊಂಡ ಗುರುತಿಗಾಗಿ ಎಂಬುದು ಅವರ ನಿಲುವು. ಪರಪುರುಷರ ಕಣ್ಣಿಗೆ ಬೀಳದ ರಾಣಿಯೊಬ್ಬಳು ಜನರ ಭಯ ಹೋಗಲಾಡಿಸಲು ತನ್ನ ತೋಳನ್ನೇ ತೋರಿಸಿದಳು ಎಂದರೆ, ಈ ಸೀಮೆಯಲ್ಲಿ ಆರೋಗ್ಯದ ಮಾತನ್ನು ಮನ ಮುಟ್ಟುವಂತೆ ಹೇಳುವ ರೂಢಿ ಇನ್ನೂರು ವರ್ಷ ಹಳೆಯದು. ಇಂದು ನಾವು ಅಂಟಿಸುವುದು ‘ಸೊಳ್ಳೆಗಳಿಂದ ದೂರವಿರಿ’ ಎಂಬ ಭಿತ್ತಿಪತ್ರ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ನೀರು ನಿಲ್ಲಲು ಬಿಟ್ಟವರಿಗೆ ದಂಡವನ್ನೂ ಗೊತ್ತುಪಡಿಸಿತು. ಅದು ಸರಿಯಾದ ಕ್ರಮವೇ. ತೊಟ್ಟಿ, ಡ್ರಮ್ಮು, ಎಳನೀರಿನ ಬುರುಡೆ, ಹಳೆಯ ಟೈರು ಇವನ್ನು ನೋಡಿಕೊಳ್ಳಲೇಬೇಕು. ಆದರೆ ಸೊಳ್ಳೆ ಕಚ್ಚಿಯಾದ ಮೇಲೆ, ಜ್ವರ ಬಂದಾದ ಮೇಲೆ, ಆ ಏಳು ದಿನಗಳನ್ನು ಮನೆಯಲ್ಲಿ ಹೇಗೆ ಕಾಯಬೇಕು ಎಂದು ಹೇಳುವ ಒಂದು ಕಾಗದವೂ ನಮ್ಮ ತಮ್ಮನ ಮನೆಯಲ್ಲಿರಲಿಲ್ಲ.

ಚೀಟಿಯಲ್ಲಿ ಏನಿರಬೇಕೆಂದು ನಾನೇ ಬರೆದು ನೋಡಿದ್ದೇನೆ. ವೈದ್ಯರು ತಿದ್ದಲಿ.

‘ಜ್ವರ ಶುರುವಾದ ದಿನ: ____. ದೇಹದೊಳಗೆ ವೈರಸ್ಸನ್ನು ಗುರುತಿಸಿ ಎದುರಿಸುವ ಕೋಶಗಳು ಬೆಳೆಯಲು ಹಲವು ದಿನ ಬೇಕು. ಸೂಜಿಗಾಗಿ ಒತ್ತಾಯಿಸಬೇಡಿ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಆಗಾಗ ಕೊಡಿ. ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಜ್ವರ ಬಿಡಬಹುದು. ಜ್ವರ ಬಿಟ್ಟ ದಿನ: ____. ಅಂದಿನಿಂದ ಎರಡು ದಿನ ರೋಗಿಯನ್ನು ಒಬ್ಬರನ್ನೇ ಬಿಡಬೇಡಿ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಂಕು ಅಥವಾ ಚಡಪಡಿಕೆ, ಆರು ಗಂಟೆಯಿಂದ ಮೂತ್ರವಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆಂದು ನೋಡದೆ 108ಕ್ಕೆ ಕರೆ ಮಾಡಿ. ಮೊದಲೊಮ್ಮೆ ಡೆಂಗಿ ಬಂದಿತ್ತೇ? ಹೌದು / ಇಲ್ಲ.’

ಇಷ್ಟೇ. ಓದು ಬಾರದ ಮನೆಗಳಲ್ಲಿ ಆಶಾ ಕಾರ್ಯಕರ್ತೆ ಇದನ್ನು ಓದಿ ಹೇಳಬಹುದು. ಜ್ವರ ಬಿಟ್ಟ ದಿನ ಆಕೆಗೆ ಒಂದು ಫೋನ್ ಮಾಡಬೇಕೆಂದು ಮನೆಯವರಿಗೆ ಹೇಳಿಟ್ಟಿದ್ದರೆ, ಮರುದಿನ ಪಿಸಿವಿ ಪರೀಕ್ಷೆಗೆ ಕಳುಹಿಸಬೇಕಾದವರು ಯಾರು ಎಂಬುದು ಆಕೆಗೆ ಗೊತ್ತಾಗುತ್ತದೆ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಹುದ್ದೆ ಬೇಡ. ಜೊತೆಗೆ, ಆಶಾ ಕಾರ್ಯಕರ್ತೆಯರ ಮಾಸಿಕ ಸಭೆಯಲ್ಲಿ ಅರ್ಧ ಗಂಟೆ ಬಿಡುವು ಮಾಡಿಕೊಟ್ಟು, ಈ ಚೀಟಿಯ ಹಿಂದಿನ ಕಾರಣವನ್ನು ಅವರಿಗೆ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕಾರಣ ಬಲ್ಲ ಹೆಣ್ಣುಮಗಳು ಹೇಳಿದ ಮಾತನ್ನು ಊರು ಕೇಳುತ್ತದೆ.

ಆ ಅರ್ಧ ಗಂಟೆಯ ಪಾಠವನ್ನು ನಾನೇ ಮಾಡಲು ಸಿದ್ಧಳಿದ್ದೇನೆ. ಪಾಂಡವಪುರ, ಮದ್ದೂರು, ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ, ಎಲ್ಲಿಗೆ ಕರೆದರೂ ಬಸ್ಸು ಹತ್ತಿ ಬರುತ್ತೇನೆ. ಭತ್ಯೆ ಬೇಡ. ಒಂದು ಕಪ್ಪು ಹಲಗೆ, ಸೀಮೆಸುಣ್ಣ ಇದ್ದರೆ ಸಾಕು. ಮುಂಗಾರು ಶುರುವಾಗುವ ಮೊದಲು ದಿನಾಂಕ ತಿಳಿಸಿರಿ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ,
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ